ಲೈಟ್ ಉರೀತಿಲ್ಲ ಅಂದ್ರೆ ಡೇಟಾ ಹೋಯ್ತು ಅಂತಲ್ಲ

"ಸರ್ವರ್ ಇಲ್ಲ." ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆ ಈ ಎರಡು ಪದ ಕೇಳದೆ ದೊಡ್ಡವರಾದವರು ಬಹುಶಃ ಯಾರೂ ಇಲ್ಲ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ತಗೊಳ್ಳೋ ಮಷಿನ್ ಸುಮ್ಮನೆ ಕೂತ್ರೆ ಸರ್ವರ್ ಇಲ್ಲ. ಪಹಣಿ ಬರ್ಲಿಲ್ಲ ಅಂದ್ರೆ ಸರ್ವರ್ ಇಲ್ಲ. ನಿಜ ಹೇಳ್ಬೇಕಂದ್ರೆ ಸರ್ವರ್ ಎಲ್ಲೋ ಒಂದು ಕಡೆ ತಣ್ಣಗೆ ಎಸಿ ರೂಮಿನಲ್ಲಿ ಇದ್ದೇ ಇರುತ್ತೆ, ಅದರೊಳಗಿನ ದಾಖಲೆಯೂ ಇರುತ್ತೆ. ಕಡಿದು ಹೋಗಿರೋದು ಮಧ್ಯದ ದಾರಿ. ಆದ್ರೆ ಕ್ಯೂನಲ್ಲಿ ನಿಂತವರಿಗೆ "ಇಲ್ಲ" ಮತ್ತು "ತಲುಪಕ್ಕಾಗ್ತಿಲ್ಲ" ಎರಡೂ ಒಂದೇ.

ಇಂಜಿನಿಯರಿಂಗ್ ಓದ್ತಿರೋ ನಮಗೆ ಇವೆರಡೂ ಒಂದೇ ಆಗಬಾರದು. ಹಾಗೆ ಆದಾಗ ಏನಾಗಬಹುದು ಅಂತ ಈ ಸಲ ಮಳೆ ಶುರುವಾಗೋ ಮುಂಚೆ ಕೊಪ್ಪದ ಹತ್ತಿರದ ಒಂದು ಮನೆಯಲ್ಲಿ ನೋಡಿದೆವು. ಸ್ಟೋರೇಜ್ ಡಬ್ಬಿಯ ನೆಟ್‌ವರ್ಕ್ ಪೋರ್ಟ್ ಸತ್ತಾಗ ಎಲ್ಲಿಂದ ಹುಡುಕಬೇಕು, ಯಾವುದನ್ನು ಮುಟ್ಟಬಾರದು ಅನ್ನೋದನ್ನು ಆ ಮನೆಯ ಕಥೆಯ ಜೊತೆಗೇ ಹೇಳ್ತೀವಿ. ಮೊದಲೇ ಒಂದು ಮಾತು: ನಾವು ಮೂವರೂ ಇಂಗ್ಲಿಷ್ ಮೀಡಿಯಂನವರು. ಕೇಬಲ್‌ಗೆ ಕೇಬಲ್ ಅಂತಾನೇ ಬರೀತೀವಿ, ಸಂಪಾದಕರು ಬೈಬಾರದು.

ನಮ್ಮಲ್ಲಿ ಒಬ್ಬ ಕೊಪ್ಪದವನು. ಇಂಟರ್ನಲ್ಸ್ ಮುಗಿದು ನಾಲ್ಕು ದಿನ ರಜೆ ಸಿಕ್ಕಿತ್ತು. ಶೃಂಗೇರಿ, ಆಗುಂಬೆ ಸುತ್ತೋಣ ಅಂತ ಉಳಿದಿಬ್ಬರು ಅವನ ಜೊತೆ ಬಸ್ ಹತ್ತಿದೆವು. ಕೃತ್ತಿಕೆ ಮಳೆಯ ಸಮಯ. ಮಲೆನಾಡಿನಲ್ಲಿ ಮುಂಗಾರು ಬಂದ ಮೇಲೆ ಮಳೆ ಒಂದೇ ಸಮನೆ ಹೊಯ್ಯುತ್ತೆ, ಸಿಡಿಲು ಕಡಿಮೆ. ಸಿಡಿಲಿನ ಕಾಟ ಇರೋದು ಅದಕ್ಕೂ ಮೊದಲಿನ ಸಂಜೆ ಮಳೆಗಳಲ್ಲಿ. ಮಧ್ಯಾಹ್ನ ಮೂರರ ಹೊತ್ತಿಗೆ ಮೋಡ ಕಟ್ಟುತ್ತೆ, ಐದಕ್ಕೆ ಗುಡುಗು, ಐದೂಕಾಲಿಗೆ ಕರೆಂಟ್ ಇಲ್ಲ.

ನಾವು ಹೋಗುವ ಮೂರು ದಿನ ಮೊದಲು ಹಾಗೇ ಆಗಿತ್ತು. ಗೆಳೆಯನ ದೊಡ್ಡಪ್ಪ ಮನೆ ಎದುರಿನ ರಸ್ತೆ ಬದಿಯಲ್ಲೇ ಒಂದು ಫೋಟೋ ಸ್ಟುಡಿಯೋ ಇಟ್ಟಿದ್ದಾರೆ. ಮದುವೆ, ಉಪನಯನ, ಗೃಹಪ್ರವೇಶದ ಕೆಲಸ. ಅದು ಹೊಟ್ಟೆಪಾಡು. ಅವರ ನಿಜವಾದ ಹುಚ್ಚು ತಾಳಮದ್ದಳೆ. ಗೊತ್ತಿಲ್ಲದವರಿಗೆ: ಯಕ್ಷಗಾನದ್ದೇ ಪ್ರಸಂಗ, ಭಾಗವತರು ಹಾಡ್ತಾರೆ, ಮದ್ದಳೆ ಇರುತ್ತೆ, ಆದ್ರೆ ವೇಷ ಇಲ್ಲ, ಕುಣಿತ ಇಲ್ಲ. ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡ್ತಾರೆ, ವಾದ ಮಾಡ್ತಾರೆ. ಆ ಮಾತನ್ನು ಯಾರೂ ಬರೆದುಕೊಂಡು ಬರೋದಿಲ್ಲ. ಇವತ್ತಿನ ವಾಲಿ ಹೇಳಿದ ಮಾತನ್ನು ನಾಳಿನ ವಾಲಿ ಹೇಳಲ್ಲ. ದೊಡ್ಡಪ್ಪ ಹುಡುಗನಾಗಿದ್ದಾಗಿನಿಂದ ಕ್ಯಾಸೆಟ್‌ನಲ್ಲಿ, ಆಮೇಲೆ ಡಿಜಿಟಲ್ ರೆಕಾರ್ಡರ್‌ನಲ್ಲಿ ನೂರಕ್ಕೂ ಹೆಚ್ಚು ಕೂಟ ರೆಕಾರ್ಡ್ ಮಾಡಿಟ್ಟಿದ್ದಾರೆ. ಮಾತಾಡಿದವರಲ್ಲಿ ಎಷ್ಟೋ ಜನ ಈಗಿಲ್ಲ. ಕ್ಯಾಸೆಟ್‌ಗಳಿಗೆ ಬೂಸ್ಟು ಹಿಡಿಯೋಕೆ ಶುರುವಾದಾಗ ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಆ ಕ್ಯಾಸೆಟ್‌ಗಳನ್ನು ಬಿಸಾಕಿದ್ರು. ಫೈಲುಗಳು ಇದ್ದದ್ದು ಒಂದೇ ಕಡೆ: ಮನೆಯ ಮಹಡಿಯ ಕೋಣೆಯಲ್ಲಿಟ್ಟಿದ್ದ ನ್ಯಾಸ್ ಡಬ್ಬಿಯಲ್ಲಿ.

ನ್ಯಾಸ್ ಅಂದ್ರೆ ನೆಟ್‌ವರ್ಕ್ ಮೇಲೆ ಕೂತಿರೋ ಸ್ಟೋರೇಜ್. ನಾಲ್ಕು ಹಾರ್ಡ್ ಡಿಸ್ಕ್, ಒಂದು ಪುಟ್ಟ ಕಂಪ್ಯೂಟರ್, ಹಿಂಭಾಗದಲ್ಲಿ ಎರಡು ಲ್ಯಾನ್ ಪೋರ್ಟ್. ಅದಕ್ಕೆ ಮಾನಿಟರ್ ಇಲ್ಲ, ಕೀಬೋರ್ಡ್ ಇಲ್ಲ. ಹೊರಗಿನ ಲೋಕಕ್ಕೆ ಅದರ ಒಂದೇ ಬಾಗಿಲು ಅಂದ್ರೆ ಆ ಪೋರ್ಟ್. ಅದಕ್ಕೇ ಪೋರ್ಟ್ ಹೋದ್ರೆ ಡಬ್ಬಿಯೇ ಹೋದಂತೆ ಕಾಣುತ್ತೆ. ಈ ಮನೆಯಲ್ಲಿ ಪೋರ್ಟ್ 1ರಿಂದ ಹೊರಟ ಕೇಬಲ್ ಕಿಟಕಿಯಿಂದ ಇಳಿದು, ಅಂಗಳ ದಾಟಿ, ಎರಡು ಅಡಿಕೆ ಮರಗಳ ಆಸರೆಯಲ್ಲಿ ಸುಮಾರು 40 ಮೀಟರ್ ಹೋಗಿ ಸ್ಟುಡಿಯೋದ ಎಂಟು ಪೋರ್ಟಿನ ಸ್ವಿಚ್ ಸೇರುತ್ತಿತ್ತು. ತಾಮ್ರದ ಈಥರ್ನೆಟ್ ಕೇಬಲ್‌ಗೆ ಮಿತಿ 100 ಮೀಟರ್, ಹಾಗಾಗಿ ದೂರದ ಲೆಕ್ಕದಲ್ಲಿ ತಪ್ಪಿಲ್ಲ. ತಪ್ಪು ಬೇರೆ ಇತ್ತು, ಅದಕ್ಕೆ ಆಮೇಲೆ ಬರ್ತೀವಿ.

ಸಿಡಿಲಿನ ರಾತ್ರಿ ಹೋದ ಕರೆಂಟ್ ಎರಡು ದಿನ ಬಿಟ್ಟು ಬಂತು. ಸ್ಟುಡಿಯೋದ ಎರಡೂ ಕಂಪ್ಯೂಟರಿನಲ್ಲಿ ನ್ಯಾಸ್ ಇಲ್ಲ. ಪೇಟೆಯಿಂದ ಕಂಪ್ಯೂಟರ್ ರಿಪೇರಿಯವರೊಬ್ಬರು ಬಂದು ನೋಡಿದ್ರು. ಸ್ವಿಚ್‌ನಲ್ಲಿ ಬೇರೆ ಪೋರ್ಟಿಗೆ ಹಾಕಿ ನೋಡಿದ್ರು, ಲೈಟ್ ಬರಲಿಲ್ಲ. ಹೊಸ ಕೇಬಲ್ ತಂದು ನೋಡಿದ್ರು, ಲೈಟ್ ಬರಲಿಲ್ಲ. ಡಬ್ಬಿ ಸುಟ್ಟಿದೆ, ಹೊಸ ಡಬ್ಬಿ ತಂದು ಡಿಸ್ಕ್ ಹಾಕಿ ಮೊದಲಿಂದ ಸೆಟಪ್ ಮಾಡ್ಬೇಕು, ಒಳಗಿರೋದು ಸಿಗೋದು ಕಷ್ಟ ಅಂತ ಹೇಳಿ ಹೋದ್ರು.

ನಾವು ಹೋದಾಗ ದೊಡ್ಡಪ್ಪ ಜಗಲಿಯಲ್ಲಿ ಕೂತಿದ್ರು. "ಬಂದ್ರಾ, ಕೂತ್ಕೊಳ್ಳಿ" ಅಂದವರು ಸ್ವಲ್ಪ ಹೊತ್ತು ಬಿಟ್ಟು ಗೆಳೆಯನಿಗೆ, "ನೀವೆಲ್ಲ ಅದನ್ನೇ ಓದೋದಲ್ವನಾ? ಒಂದ್ಸಲ ನೋಡಿ ಮಾರಾಯಾ. ಆದ್ರೆ ಡಿಸ್ಕ್ ಮಾತ್ರ ಬಿಚ್ಚಬೇಡಿ" ಅಂದ್ರು.

ಇದನ್ನು ಓದೋ ಯಾರೇ ಆದ್ರೂ ಒಂದು ವಿಷಯ ನೆನಪಿಡಿ ಅಂದ್ರೆ ನಾವು ದೊಡ್ಡಪ್ಪನ ಆ ಕೊನೆಯ ಮಾತನ್ನೇ ತೋರಿಸ್ತೀವಿ. ನೆಟ್‌ವರ್ಕ್ ಪೋರ್ಟಿಗೂ ಡಿಸ್ಕ್ ಮೇಲಿನ ಡೇಟಾಗೂ ನಡುವೆ ಬಹಳ ಪದರಗಳಿವೆ. ಪೋರ್ಟ್ ಸತ್ತರೆ ಡಿಸ್ಕ್ ಮೇಲಿನ ಒಂದು ಬಿಟ್ ಕೂಡ ಬದಲಾಗಿರಬೇಕಿಲ್ಲ. ಆದ್ರೆ ಪೋರ್ಟಿನ ತೊಂದರೆಗೆ ಔಷಧಿ ಅಂತ ಡಿಸ್ಕ್ ಬಿಚ್ಚಿ ಕ್ರಮ ಬದಲಿಸೋದು, ಫ್ಯಾಕ್ಟರಿ ರೀಸೆಟ್ ಮಾಡೋದು, "ಇನಿಶಿಯಲೈಸ್ ಮಾಡಲೇ?" ಅಂತ ಕೇಳಿದಾಗ ಹೂಂ ಅನ್ನೋದು, ಇವು ಚೆನ್ನಾಗಿದ್ದ ಡೇಟಾವನ್ನು ಕೊಲ್ಲಬಹುದು. ರೇಡ್ ಅಂದ್ರೆ ನಾಲ್ಕು ಡಿಸ್ಕ್ ಸೇರಿ ಒಂದಾಗೋ ವ್ಯವಸ್ಥೆ. ಯಾವ ಡಿಸ್ಕ್ ಎಲ್ಲಿ ಸೇರುತ್ತೆ ಅನ್ನೋ ಮಾಹಿತಿ ಆ ಡಿಸ್ಕ್‌ಗಳ ಮೇಲೇ ಬರೆದಿರುತ್ತೆ. ಹೊಸ ಸೆಟಪ್ ಅದರ ಮೇಲೆ ಬರೆದುಬಿಟ್ಟರೆ ಆಮೇಲೆ ಅಳಬೇಕಷ್ಟೆ.

ಮೊದಲು ಡಬ್ಬಿಯ ಮುಂಭಾಗ ನೋಡಿದೆವು. ಪವರ್ ಲೈಟ್ ನಿಂತಿದೆ, ಮಿಣುಕ್ತಿಲ್ಲ. ನಾಲ್ಕೂ ಡಿಸ್ಕ್ ಲೈಟ್ ಹಸಿರು. ಕಿವಿ ಇಟ್ಟರೆ ಡಿಸ್ಕ್ ತಿರುಗೋ ಶಬ್ದ ಸಮವಾಗಿದೆ, ಕಟ್ ಕಟ್ ಅನ್ನೋದು ಇಲ್ಲ. ಅಂದ್ರೆ ಒಳಗಿನ ಕಂಪ್ಯೂಟರ್ ಬೂಟ್ ಆಗಿ, ಡಿಸ್ಕ್ ಗುರುತಿಸಿ, ನಮಗಾಗಿ ಕಾಯ್ತಾ ಕೂತಿದೆ. ಸತ್ತ ಡಬ್ಬಿ ಹೀಗಿರಲ್ಲ. ಹಿಂಭಾಗದಲ್ಲಿ ಪೋರ್ಟ್ 1ರ ಎರಡೂ ಲೈಟ್ ಆರಿವೆ. ಪೋರ್ಟ್ 2ಕ್ಕೆ ಯಾರೂ ಯಾವತ್ತೂ ಕೇಬಲ್ ಹಾಕಿಲ್ಲ, ಅಂಗಡಿಯಿಂದ ಬಂದಾಗಿನ ರಬ್ಬರ್ ಮುಚ್ಚಳ ಹಾಗೇ ಇದೆ. ಎಲ್ಲದರ ಫೋಟೋ ತೆಗೆದುಕೊಂಡೆವು. ಇದು ಮುಖ್ಯ. ಅರ್ಧ ಗಂಟೆ ಕಿತ್ತು ಹಾಕಿದ ಮೇಲೆ ಯಾವುದು ಎಲ್ಲಿತ್ತು ಅಂತ ಮೂವರೂ ಮೂರು ಥರ ಹೇಳ್ತೀವಿ ಅನ್ನೋದು ನಮ್ಮ ಲ್ಯಾಬ್ ಅನುಭವ.

ಆ ಪುಟ್ಟ ಲೈಟ್ ಏನು ಹೇಳುತ್ತೆ? ಕೇಬಲ್‌ನ ಎರಡು ತುದಿಯ ಚಿಪ್‌ಗಳು ಒಂದರ ಸಿಗ್ನಲ್ ಇನ್ನೊಂದಕ್ಕೆ ಕೇಳಿಸ್ತಿದೆ, ಇಂಥ ವೇಗದಲ್ಲಿ ಮಾತಾಡೋಣ ಅಂತ ಒಪ್ಪಿಕೊಂಡಿವೆ ಅಂತ. ಈ ಒಪ್ಪಂದಕ್ಕೆ ಆಟೋ ನೆಗೋಶಿಯೇಶನ್ ಅಂತಾರೆ. ಇದು ನಡೆಯೋದು ಐಪಿ ಅಡ್ರೆಸ್, ಪಾಸ್‌ವರ್ಡ್, ಫೋಲ್ಡರ್ ಇವೆಲ್ಲಕ್ಕಿಂತ ಕೆಳಗಿನ ಪದರದಲ್ಲಿ. ಹಾಗಾಗಿ ಲೈಟ್ ಇಲ್ಲದಿದ್ದಾಗ ಕಂಪ್ಯೂಟರ್ ಮುಂದೆ ಕೂತು ಸೆಟಿಂಗ್ಸ್ ಕೆದಕೋದು ಅಂದ್ರೆ ಪೈಪ್ ಒಡೆದಿರುವಾಗ ನಲ್ಲಿ ತಿರುಗಿಸಿದ ಹಾಗೆ.

ಲೈಟ್ ಬರ್ಬೇಕಂದ್ರೆ ಮೂರು ವಸ್ತು ಸರಿ ಇರ್ಬೇಕು: ಈ ತುದಿಯ ಪೋರ್ಟ್, ಕೇಬಲ್, ಆ ತುದಿಯ ಪೋರ್ಟ್. ಒಂದು ಕೆಟ್ಟಿದ್ರೆ ಹುಡುಕೋದು ಸುಲಭ, ಒಂದೊಂದಾಗಿ ಬದಲಿಸಿದ್ರೆ ಎಲ್ಲೋ ಒಂದು ಕಡೆ ಲೈಟ್ ಬರುತ್ತೆ. ರಿಪೇರಿಯವರು ಮಾಡಿದ್ದೂ ಇದನ್ನೇ, ಕ್ರಮ ಸರಿಯಾಗಿಯೇ ಇತ್ತು. ಎಲ್ಲಿ ಹೋದರೂ ನಾವು ಕಲಿಯೋದೂ ಇದೇ. ಆದ್ರೆ ಇದರ ಹಿಂದೆ ಒಂದು ನಂಬಿಕೆ ಅಡಗಿದೆ, ಕೆಟ್ಟಿರೋದು ಒಂದೇ ಅಂತ. ಎರಡು ಒಟ್ಟಿಗೆ ಕೆಟ್ಟಿದ್ರೆ? ಒಂದನ್ನು ಬದಲಿಸಿದಾಗ ಇನ್ನೊಂದು ಕೆಟ್ಟೇ ಇರುತ್ತೆ, ಲೈಟ್ ಬರಲ್ಲ. ಇನ್ನೊಂದನ್ನು ಬದಲಿಸುವಾಗ ಮೊದಲನೆಯದನ್ನು ವಾಪಸ್ ಹಳೆಯದಕ್ಕೆ ಹಾಕಿಬಿಟ್ಟಿರ್ತೀವಿ, ಆಗಲೂ ಲೈಟ್ ಬರಲ್ಲ. ಕೊನೆಗೆ "ಎಲ್ಲಾ ನೋಡಾಯ್ತು" ಅನ್ನೋ ತಪ್ಪು ತೃಪ್ತಿ ಉಳಿಯುತ್ತೆ.

ಸಿಡಿಲಿನ ವಿಷಯದಲ್ಲಿ ಎರಡು ಒಟ್ಟಿಗೆ ಕೆಡೋದು ಅಪರೂಪ ಏನಲ್ಲ. ಸಿಡಿಲು ಮನೆಗೇ ಬಡೀಬೇಕು ಅಂತಿಲ್ಲ. ಹತ್ತಿರ ಎಲ್ಲೋ ಬಿದ್ದರೂ ಬಯಲಲ್ಲಿ ಹಾದುಹೋದ ಉದ್ದನೆ ತಾಮ್ರದ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತೆ. ಎರಡನೇ ಸೆಮ್‌ನಲ್ಲಿ ಬಾಯಿಪಾಠ ಮಾಡಿದ ಫ್ಯಾರಡೆ ನಿಯಮವೇ. ಜೊತೆಗೆ ಮನೆಯ ಅರ್ಥಿಂಗ್ ಬೇರೆ, ಸ್ಟುಡಿಯೋದ ಅರ್ಥಿಂಗ್ ಬೇರೆ. ಸಿಡಿಲು ನೆಲಕ್ಕಿಳಿದ ಆ ಕ್ಷಣದಲ್ಲಿ ಎರಡು ಕಟ್ಟಡಗಳ ನೆಲದ ಮಟ್ಟವೇ ಬೇರೆ ಬೇರೆ ವೋಲ್ಟೇಜಿನಲ್ಲಿರುತ್ತೆ, ನಡುವೆ ಸೇತುವೆ ಥರ ಇರೋದು ನಮ್ಮ ಬಡಪಾಯಿ ಲ್ಯಾನ್ ಕೇಬಲ್. ಈಥರ್ನೆಟ್ ಪೋರ್ಟಿನ ಹಿಂದೆ ಪುಟ್ಟ ಟ್ರಾನ್ಸ್‌ಫಾರ್ಮರ್‌ಗಳಿರುತ್ತವೆ, ತಂತಿಗೂ ಒಳಗಿನ ಸರ್ಕ್ಯೂಟಿಗೂ ನೇರ ಸಂಪರ್ಕ ಇರಬಾರದು ಅಂತ. ಸ್ಟಾಂಡರ್ಡ್ ಪ್ರಕಾರ ಅವು 1,500 ವೋಲ್ಟ್ ಎಸಿಯ ಪರೀಕ್ಷೆ ತಡೆದುಕೊಳ್ಳಬೇಕು. ಸಿಡಿಲಿನ ಸರ್ಜ್ ಅದನ್ನು ಸುಲಭವಾಗಿ ಮೀರಬಲ್ಲದು. ಮೀರಿದಾಗ ಮೊದಲು ಹೋಗೋದು ಪೋರ್ಟಿನ ಪಕ್ಕದ ಫಿಸಿಕಲ್ ಲೇಯರ್ ಚಿಪ್. ಅದೃಷ್ಟ ಚೆನ್ನಾಗಿದ್ರೆ ಅದು ತಾನು ಸತ್ತು ಹಿಂದಿನವರನ್ನು ಉಳಿಸುತ್ತೆ. ಕೇಬಲ್‌ಗೆ ಎರಡು ತುದಿ ಇರೋದ್ರಿಂದ ಎರಡು ತುದಿಯ ಚಿಪ್‌ಗಳೂ ಸಾಯಬಹುದು.

ಹಾಗಾಗಿ ನಾವು ನಿಯಮ ಬದಲಿಸಿದೆವು. ಒಂದನ್ನು ಬದಲಿಸಿ ನೋಡೋದಲ್ಲ. ಪ್ರತಿಯೊಂದನ್ನೂ "ಇದು ಖಂಡಿತ ಸರಿ ಇದೆ" ಅಂತ ಗೊತ್ತಿರೋ ವಸ್ತುಗಳ ಎದುರು ಒಂಟಿಯಾಗಿ ನಿಲ್ಲಿಸಿ ನೋಡೋದು. ನಮ್ಮ ಹತ್ತಿರ ಸರಿ ಇರೋದು ಅಂತ ಗೊತ್ತಿದ್ದದ್ದು ಎರಡು: ಒಂದು ಲ್ಯಾಪ್‌ಟಾಪ್, ಹಾಸ್ಟೆಲ್‌ನಲ್ಲಿ ದಿನಾ ಬಳಸೋ ಒಂದೂವರೆ ಮೀಟರ್ ಕೇಬಲ್. ಲ್ಯಾಪ್‌ಟಾಪನ್ನು ನೇರವಾಗಿ ನ್ಯಾಸ್‌ಗೆ ಹಾಕಬಹುದು. ಹಿಂದಿನ ಕಾಲದಲ್ಲಿ ಇದಕ್ಕೆ ಕ್ರಾಸ್ ಕೇಬಲ್ ಬೇಕಿತ್ತಂತೆ, ಗಿಗಾಬಿಟ್ ಪೋರ್ಟ್‌ಗಳು ಅದನ್ನು ತಾವೇ ಸರಿ ಮಾಡಿಕೊಳ್ಳುತ್ತವೆ.

ಲ್ಯಾಪ್‌ಟಾಪ್‌ನಿಂದ ನ್ಯಾಸ್ ಪೋರ್ಟ್ 1ಕ್ಕೆ: ಕತ್ತಲೆ. ಪೋರ್ಟ್ ಸತ್ತಿದೆ, ಇದರಲ್ಲಿ ಸಂಶಯವಿಲ್ಲ. ರಬ್ಬರ್ ಮುಚ್ಚಳ ತೆಗೆದು ಪೋರ್ಟ್ 2ಕ್ಕೆ: ಹಸಿರು ಲೈಟ್! ನಾವು ಕೂಗಿದ ಕೂಗಿಗೆ ದೊಡ್ಡಮ್ಮ ಅಡುಗೆಮನೆಯಿಂದ "ಎಂತ ಆಯ್ತು, ಶಾಕ್ ಹೊಡೀತಾ?" ಅಂತ ಓಡಿ ಬಂದ್ರು.

ಆಮೇಲೆ ಅದೇ ಲ್ಯಾಪ್‌ಟಾಪ್, ಅದೇ ಕೇಬಲ್ ಹಿಡ್ಕೊಂಡು ಸ್ಟುಡಿಯೋಗೆ ಹೋದೆವು. ಸ್ವಿಚ್‌ನ 5ನೇ ಪೋರ್ಟ್, ಅಂದ್ರೆ ಉದ್ದ ಕೇಬಲ್ ಕೂತಿದ್ದ ಜಾಗ, ಕತ್ತಲೆ. 6, 7, 8 ಸರಿ ಇವೆ. ಅಂದುಕೊಂಡ ಹಾಗೆಯೇ ಕೇಬಲ್‌ನ ಎರಡೂ ತುದಿಯ ಪೋರ್ಟ್ ಹೋಗಿದ್ದವು. ರಿಪೇರಿಯವರು ಸ್ವಿಚ್‌ನಲ್ಲಿ 6ಕ್ಕೆ ಬದಲಿಸಿದಾಗ ಆ ಕಡೆ ನ್ಯಾಸ್‌ನ 1ನೇ ಪೋರ್ಟ್ ಸತ್ತಿತ್ತು. ಮನೆಗೆ ಬಂದು ಹೊಸ ಕೇಬಲ್ ಹಾಕಿದ್ದೂ ಅದೇ 1ನೇ ಪೋರ್ಟಿಗೆ. ಮುಚ್ಚಳ ಹಾಕಿದ್ದ 2ನೇ ಪೋರ್ಟನ್ನು ಯಾರೂ ಕೇಳಲಿಲ್ಲ. ನಮಗೆ ಅದು ಹೊಳೆದದ್ದು ಬುದ್ಧಿಯಿಂದಲ್ಲ, ಲ್ಯಾಬ್‌ನಲ್ಲಿ ಇಂಥದ್ದೇ ತಪ್ಪು ಮಾಡಿ ಒಂದು ಮಧ್ಯಾಹ್ನ ಹಾಳು ಮಾಡಿಕೊಂಡಿದ್ದರಿಂದ.

ಮೂರನೆಯದು ಉದ್ದ ಕೇಬಲ್. ಒಂದು ತುದಿ ಸ್ವಿಚ್‌ನ 6ಕ್ಕೆ, ಇನ್ನೊಂದು ತುದಿ ಮನೆಯಲ್ಲಿ ಲ್ಯಾಪ್‌ಟಾಪಿಗೆ. ಲೈಟ್ ಬಂತು, ಆದ್ರೆ ಕಿತ್ತಳೆ ಬಣ್ಣ. ಈ ಸ್ವಿಚ್‌ನಲ್ಲಿ ಹಸಿರು ಅಂದ್ರೆ ಸೆಕೆಂಡಿಗೆ 1,000 ಮೆಗಾಬಿಟ್, ಕಿತ್ತಳೆ ಅಂದ್ರೆ 100. (ಬಣ್ಣದ ಅರ್ಥ ಕಂಪನಿಯಿಂದ ಕಂಪನಿಗೆ ಬದಲಾಗುತ್ತೆ, ಬಣ್ಣ ನಂಬೋ ಮೊದಲು ಡಬ್ಬಿ ಮೇಲೆ ಬರೆದಿರೋದನ್ನು ಓದಿ.) ವೇಗ ಬಿದ್ದದ್ದು ಒಂದು ಸುಳಿವು. ಕೇಬಲ್ ಒಳಗೆ ನಾಲ್ಕು ಜೋಡಿ ತಂತಿ ಇವೆ. ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. 100 ಮೆಗಾಬಿಟ್‌ಗೆ ಎರಡೇ ಸಾಕು, ಕನೆಕ್ಟರ್‌ನ 1, 2, 3, 6ನೇ ಪಿನ್‌ಗಳು. ಉಳಿದ ನಾಲ್ಕರಲ್ಲಿ ಯಾವುದೋ ಒಂದು ಕೂತ್ಕೊಂಡಿಲ್ಲ ಅಂದ್ರೆ ಎರಡು ತುದಿಯೂ ಹೆಚ್ಚಿನ ಸಲ 100ಕ್ಕೆ ಒಪ್ಪಂದ ಮಾಡಿಕೊಳ್ಳುತ್ತವೆ. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿದ್ರೆ ಮನೆಯ ಕಡೆಯ ತುದಿಯಲ್ಲಿ ಎರಡು ಪಿನ್ ಹಸಿರು ಬಣ್ಣಕ್ಕೆ ತಿರುಗಿದ್ವು. ಅದು ಸಿಡಿಲಿನ ಕೆಲಸ ಅಲ್ಲ, ಮಲೆನಾಡಿನ ತೇವದ ಕೆಲಸ. ಎಷ್ಟೋ ತಿಂಗಳಿಂದ ಹಾಗೇ ಇದ್ದಿರಬೇಕು. "ಫೈಲ್ ಓಪನ್ ಆಗೋದು ನಿಧಾನ ಆಗಿದೆ ಅಂತ ನಾನು ಹೇಳ್ತಾನೇ ಇದ್ದೆ" ಅಂದ್ರು ದೊಡ್ಡಪ್ಪ.

ಪೇಟೆಯಲ್ಲಿ ಕೇಬಲ್ ಟಿವಿ, ಇಂಟರ್ನೆಟ್ ನೋಡಿಕೊಳ್ಳೋ ಒಬ್ಬರ ಹತ್ತಿರ ಕ್ರಿಂಪಿಂಗ್ ಟೂಲ್ ಕಡ ತಂದೆವು. ಕೊಳೆತ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕೋದು ಹತ್ತು ನಿಮಿಷದ ಕೆಲಸ ಅಂತ ಹೇಳಬಹುದು. ನಮಗೆ ಮೂರು ಕನೆಕ್ಟರ್ ಹಾಳಾಗಿ ಒಂದು ಗಂಟೆ ಹಿಡೀತು. ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿಯ ನಡುವೆ ನೀಲಿ ಬಂದು ಕೂರೋದನ್ನು ಮರೆತರೆ ಎಂಟೂ ತಂತಿ ಸಂಪರ್ಕ ಇದ್ದರೂ ಜೋಡಿಗಳು ಕಲಸಿ ಹೋಗಿ ಕೇಬಲ್ ಕೈ ಕೊಡುತ್ತೆ. ಕೊನೆಗೆ ಲೈಟ್ ಹಸಿರಾಯ್ತು.

ಆದ್ರೆ ಇದೆಲ್ಲ ಮಾಡಿದ್ದು ಎರಡನೇ ದಿನ. ಪೋರ್ಟ್ 2ರಲ್ಲಿ ಲೈಟ್ ಬಂದ ಕೂಡಲೇ ಮಾಡಿದ್ದು ಬೇರೆ ಕೆಲಸ. ಉಸಿರಾಡ್ತಿರೋ ಡಬ್ಬಿ ಸಿಕ್ಕಿದೆ, ಸಂಜೆ ಮತ್ತೆ ಗುಡುಗಬಹುದು. ಮೊದಲು ಡೇಟಾ ಹೊರಗೆ ತೆಗೀಬೇಕು, ರಿಪೇರಿ ಆಮೇಲೆ.

ಲೈಟ್ ಬಂದರೂ ಡಬ್ಬಿ ಕಾಣಲಿಲ್ಲ, ಯಾಕಂದ್ರೆ ಈಗ ಎರಡನೇ ಪದರದ ಸಮಸ್ಯೆ: ವಿಳಾಸ. ಸಾಮಾನ್ಯವಾಗಿ ರೌಟರ್ ಎಲ್ಲರಿಗೂ ಐಪಿ ವಿಳಾಸ ಹಂಚುತ್ತೆ. ಲ್ಯಾಪ್‌ಟಾಪ್ ಮತ್ತು ನ್ಯಾಸ್ ಎರಡೇ ಇರುವಾಗ ಹಂಚೋರು ಯಾರೂ ಇಲ್ಲ. ಸ್ವಲ್ಪ ಹೊತ್ತು ಕಾದು ವಿಂಡೋಸ್ ತಾನೇ ಒಂದು ವಿಳಾಸ ಇಟ್ಟುಕೊಳ್ಳುತ್ತೆ, 169.254 ಅಂತ ಶುರುವಾಗೋದು. ಇದನ್ನು ನೋಡಿದ್ರೆ ನಮ್ಮಲ್ಲಿ ಬಹಳ ಜನ "ನೆಟ್ ಹೋಯ್ತು" ಅಂತಾರೆ. ನಿಜವಾಗಿ ಅದು "ನನಗೆ ವಿಳಾಸ ಕೊಡೋರು ಸಿಗಲಿಲ್ಲ, ಆದ್ರೆ ವೈರ್ ಸರಿ ಇದೆ" ಅನ್ನೋ ಒಳ್ಳೇ ಸುದ್ದಿ. ಪೋರ್ಟ್ 2 ಕೂಡ ವಿಳಾಸ ಕೇಳೋ ಸೆಟಿಂಗಿನಲ್ಲೇ ಇದ್ದದ್ದರಿಂದ ಅದೂ ಹೀಗೇ 169.254ರದ್ದೇ ಒಂದು ಇಟ್ಟುಕೊಂಡಿತ್ತು. ಇಬ್ಬರೂ ಒಂದೇ ಬೀದಿಯವರಾದ್ರು, ಮಾತಾಡಬಹುದು. ನ್ಯಾಸ್‌ನ ನಂಬರ್ ಏನು ಅಂತ ಹುಡುಕೋಕೆ ಲ್ಯಾಪ್‌ಟಾಪಿನ ಎಆರ್‌ಪಿ ಪಟ್ಟಿ ನೋಡಿದೆವು. ಅದರಲ್ಲಿ ಐಪಿ ಪಕ್ಕ ಮ್ಯಾಕ್ ವಿಳಾಸ ಇರುತ್ತೆ. ಡಬ್ಬಿಯ ತಳದ ಸ್ಟಿಕ್ಕರ್‌ನಲ್ಲಿ ಎರಡೂ ಪೋರ್ಟಿನ ಮ್ಯಾಕ್ ಅಚ್ಚಾಗಿತ್ತು. ಹೊಂದಿಸಿದ್ರೆ ಆಯ್ತು. ಆ ಐಪಿಯನ್ನು ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹೊಡೆದಾಗ ಪಾಸ್‌ವರ್ಡ್ ಕೇಳಿತು. ದೊಡ್ಡಪ್ಪ ಪಂಚಾಂಗದ ಹಿಂದಿನ ಪುಟದಿಂದ ಓದಿ ಹೇಳಿದ್ರು. ಫೋಲ್ಡರ್‌ಗಳು ಬಂದವು.

ಆಡಿಯೋ ಫೋಲ್ಡರ್ 300 ಜಿಬಿಯಷ್ಟಿತ್ತು. ನಮ್ಮಲ್ಲೊಬ್ಬನ ಸಿನಿಮಾ ತುಂಬಿದ್ದ ಹಾರ್ಡ್ ಡಿಸ್ಕನ್ನು ಅವನ ಕಣ್ಣೆದುರೇ ಖಾಲಿ ಮಾಡಿ ಕಾಪಿಗೆ ಹಾಕಿದೆವು. ಗಿಗಾಬಿಟ್‌ನಲ್ಲಿ ಸೆಕೆಂಡಿಗೆ ಸುಮಾರು 100 ಮೆಗಾಬೈಟ್ ಬರುತ್ತೆ, ಹಾಗಾಗಿ ಒಂದು ಗಂಟೆಯೊಳಗೆ ಮುಗೀತು. ಇದೇ ಕೆಲಸ ಕಿತ್ತಳೆ ಲೈಟಿನ 100 ಮೆಗಾಬಿಟ್‌ನಲ್ಲಿ ಏಳು ಗಂಟೆ ದಾಟುತ್ತಿತ್ತು. ಮಲೆನಾಡಿನಲ್ಲಿ ಏಳು ಗಂಟೆ ಕರೆಂಟ್ ಸತತ ಇರುತ್ತೆ ಅಂತ ನಂಬೋದು ಹೇಗೆ? ಕಾಪಿ ಮುಗಿಯೋವರೆಗೆ ಯಾರೂ ಕೋಣೆಯಿಂದ ಏಳಲಿಲ್ಲ. ಮುಗಿದ ಮೇಲೆ ದೊಡ್ಡಪ್ಪ ಒಂದು ಫೈಲ್ ಹಾಕಿಸಿದ್ರು. ಹಳೇ ಕ್ಯಾಸೆಟ್‌ನ ಹಿಸ್ಸ್ ಶಬ್ದ, ದೂರದಲ್ಲಿ ಮಳೆ, ಮದ್ದಳೆಯ ಮೇಲೆ ಎರಡು ಪೆಟ್ಟು, ಆಮೇಲೆ ಒಬ್ಬರ ಧ್ವನಿ. ನಾವು ಲಿಂಕ್ ಲೋಕಲ್ ಅಡ್ರೆಸ್ ಬಗ್ಗೆ ವಿವರಿಸ್ತಾ ಇದ್ವಿ. ಅವರು ಕೇಳ್ತಿರಲಿಲ್ಲ.

ಮರುದಿನ ನ್ಯಾಸ್‌ನ ಪೋರ್ಟ್ 2, ಉದ್ದ ಕೇಬಲ್, ಸ್ವಿಚ್‌ನ 6, ಎಲ್ಲ ಸೇರಿಸಿದ ಮೇಲೂ ಸ್ಟುಡಿಯೋದ ಒಂದು ಕಂಪ್ಯೂಟರಿಗೆ ನ್ಯಾಸ್ ಕಾಣ್ತು, ಇನ್ನೊಂದಕ್ಕೆ ಇಲ್ಲ. ಎಲ್ಲ ಸರಿ ಮಾಡಿದ ಮೇಲೆ ಬರೋ ಈ ಅರ್ಧ ಸಮಸ್ಯೆಗಳೇ ತಲೆ ತಿನ್ನೋದು. ಕಾರಣ ಸರಳ. ಪೋರ್ಟ್ 1ಕ್ಕೆ ಯಾರೋ ಹಿಂದೆ ಖಾಯಂ ಐಪಿ ಕೊಟ್ಟಿದ್ದರು, 192.168.1.50 ಅಂತ ಇಟ್ಟುಕೊಳ್ಳಿ. ಒಂದು ಕಂಪ್ಯೂಟರ್ ನ್ಯಾಸನ್ನು ಹೆಸರಿನಿಂದ ಹುಡುಕ್ತಿತ್ತು, ಅದಕ್ಕೆ ಸಿಕ್ತು. ಇನ್ನೊಂದು ನಂಬರ್ ನೆನಪಿಟ್ಟುಕೊಂಡಿತ್ತು, ಹಳೇ ಮನೆ ಬಾಗಿಲು ತಟ್ತಾ ಇತ್ತು. ಪೋರ್ಟ್ 2 ಬೇರೆ ಪೋರ್ಟ್, ಅದರ ಮ್ಯಾಕ್ ಬೇರೆ, ರೌಟರ್ ಕೊಟ್ಟ ಐಪಿಯೂ ಬೇರೆ. ನ್ಯಾಸ್‌ನ ಸೆಟಿಂಗ್ಸ್‌ನಲ್ಲಿ ಪೋರ್ಟ್ 1ರ ವಿಳಾಸ ತೆಗೆದು, ಅದನ್ನೇ ಪೋರ್ಟ್ 2ಕ್ಕೆ ಕೊಟ್ಟೆವು. ಮೊದಲು ತೆಗೀಬೇಕು, ಆಮೇಲೆ ಕೊಡಬೇಕು. ಒಂದೇ ವಿಳಾಸ ಇಬ್ಬರಿಗೆ ಇಡೋಕೆ ಅದು ಬಿಡಲ್ಲ.

ಇಲ್ಲಿ "ಪೋರ್ಟ್" ಪದದ ಇನ್ನೊಂದು ಅರ್ಥವನ್ನೂ ಹೇಳಿಬಿಡ್ತೀವಿ, ವೈವಾದಲ್ಲಿ ನಮ್ಮಲ್ಲೊಬ್ಬ ಇದರಲ್ಲೇ ಸಿಕ್ಕಿಬಿದ್ದಿದ್ದ. ಕೇಬಲ್ ಹಾಕೋ ತೂತೂ ಪೋರ್ಟೇ, ಟಿಸಿಪಿಯಲ್ಲಿ ಬರೋ ನಂಬರೂ ಪೋರ್ಟೇ. ವಿಂಡೋಸ್ ಫೋಲ್ಡರ್ ಹಂಚಿಕೆಗೆ 445, ಎನ್‌ಎಫ್‌ಎಸ್‌ಗೆ 2049, ಐಸ್ಕಸಿಗೆ 3260. ಲೈಟ್ ಇದೆ, ಪಿಂಗ್‌ಗೆ ಉತ್ತರ ಬರ್ತಿದೆ, ಆದ್ರೂ ಫೋಲ್ಡರ್ ತೆರೀತಿಲ್ಲ ಅಂದ್ರೆ ಈ ಎರಡನೇ ಥರದ ಪೋರ್ಟ್ ಮುಚ್ಚಿರಬಹುದು: ಫೈರ್‌ವಾಲ್ ತಡೆದಿದೆ, ಇಲ್ಲಾ ನ್ಯಾಸ್ ಒಳಗಿನ ಸರ್ವಿಸ್ ನಿಂತಿದೆ. ಆಗ ಕೇಬಲ್ ಬದಲಿಸ್ತಾ ಕೂತ್ರೆ ಪ್ರಯೋಜನ ಇಲ್ಲ.

ಇದೇ ಕಥೆ ದೊಡ್ಡ ಡೇಟಾ ಸೆಂಟರ್‌ನಲ್ಲಿ ನಡೆದರೆ ಹೆಸರುಗಳು ಬದಲಾಗುತ್ತವೆ, ಕ್ರಮ ಬದಲಾಗಲ್ಲ. ಅಲ್ಲಿ ಸರ್ವರ್‌ಗೂ ಸ್ಟೋರೇಜ್‌ಗೂ ನಡುವೆ ಹೆಚ್ಚಾಗಿ ಫೈಬರ್ ಚಾನೆಲ್ ಇರುತ್ತೆ. ಪೋರ್ಟಿಗೆ ಎಸ್‌ಎಫ್‌ಪಿ ಅನ್ನೋ ಬೆರಳುದ್ದದ ಮಾಡ್ಯೂಲ್ ಹಾಕ್ತಾರೆ, ಅದರಿಂದ ಲೇಸರ್ ಹೊರಡುತ್ತೆ. ಲೈಟ್ ಬರದಿದ್ರೆ ಮೊದಲ ಅನುಮಾನ ಫೈಬರ್ ತುದಿಯ ಧೂಳಿನ ಮೇಲೆ. ಎಷ್ಟು ಬೆಳಕು ಬಂದು ತಲುಪ್ತಿದೆ ಅಂತ ಸ್ವಿಚ್ಚೇ ಡೆಸಿಬೆಲ್ ಲೆಕ್ಕದಲ್ಲಿ ಹೇಳುತ್ತೆ. 3 ಕಡಿಮೆಯಾದ್ರೆ ಅರ್ಧ ಬೆಳಕು ಹೋಯ್ತು ಅಂತ. (ಬೆಳಕು ಬರ್ತಿದೆಯಾ ಅಂತ ಕಣ್ಣಿಟ್ಟು ನೋಡಬೇಡಿ. ಆ ಲೇಸರ್ ಕಣ್ಣಿಗೆ ಕಾಣಲ್ಲ, ಕಣ್ಣಿಗೆ ಅಪಾಯ ಮಾತ್ರ ಮಾಡುತ್ತೆ.) ಮ್ಯಾಕ್ ವಿಳಾಸದ ಜಾಗದಲ್ಲಿ ಅಲ್ಲಿ ಡಬ್ಲ್ಯುಡಬ್ಲ್ಯುಪಿಎನ್ ಅನ್ನೋ ಗುರುತು ಇರುತ್ತೆ. ಯಾವ ಗುರುತಿನವರು ಯಾರ ಜೊತೆ ಮಾತಾಡಬಹುದು ಅಂತ ಸ್ವಿಚ್‌ನಲ್ಲಿ ಬರೆದಿಡೋದಕ್ಕೆ ಝೋನಿಂಗ್ ಅಂತಾರೆ. ಸರ್ವರ್‌ನ ಕಾರ್ಡ್ ಕೆಟ್ಟು ಹೊಸದು ಹಾಕಿದಾಗ ಲೈಟ್ ಚೆನ್ನಾಗಿಯೇ ಬರುತ್ತೆ, ಆದ್ರೆ ಡಿಸ್ಕ್ ಕಾಣಲ್ಲ. ಹೊಸ ಕಾರ್ಡ್‌ನ ಗುರುತು ಝೋನ್‌ನಲ್ಲೂ ಇಲ್ಲ, ಸ್ಟೋರೇಜ್‌ನ ಪಟ್ಟಿಯಲ್ಲೂ ಇಲ್ಲ. ದೊಡ್ಡಪ್ಪನ ಎರಡನೇ ಕಂಪ್ಯೂಟರ್ ಹಳೇ ನಂಬರ್ ಹುಡುಕ್ತಿದ್ದ ಹಾಗೇ ಅಲ್ವಾ?

ಅಲ್ಲಿ ಒಂದು ಅಪಾಯ ಮಾತ್ರ ಬೇರೆ ಥರದ್ದು. ಪ್ರತಿ ಸರ್ವರ್‌ಗೂ ಸ್ಟೋರೇಜ್‌ಗೆ ಎರಡು ದಾರಿ ಇಟ್ಟಿರ್ತಾರೆ, ಒಂದು ಹೋದ್ರೆ ಇನ್ನೊಂದು. ಒಳ್ಳೆಯದೇ. ಆದ್ರೆ ಮೊದಲನೇ ದಾರಿ ಸತ್ತ ದಿನ ಯಾರಿಗೂ ಏನೂ ಗೊತ್ತಾಗಲ್ಲ, ಎಲ್ಲ ನಡೀತಾನೇ ಇರುತ್ತೆ. ಲಾಗ್‌ನಲ್ಲಿ ಒಂದು ಸಾಲು ಬಿದ್ದಿರುತ್ತೆ, ಓದೋರಿಲ್ಲ. ತಿಂಗಳುಗಟ್ಟಲೆ ಬಿಟ್ಟು ಎರಡನೇದು ಸತ್ತಾಗ ಕೂಗಾಟ. ಅವತ್ತು ಕೆಟ್ಟದ್ದು ಒಂದೇ ಅಂತ ಎಲ್ಲರೂ ಹುಡುಕ್ತಾರೆ, ನಿಜವಾಗಿ ಕೆಟ್ಟಿರೋದು ಎರಡು. ಹಾಗಾಗಿ ಲಿನಕ್ಸ್‌ನಲ್ಲಿ ಮಲ್ಟಿಪಾತ್ ಪಟ್ಟಿ ನೋಡೋ ಅಭ್ಯಾಸ ಎಲ್ಲ ಚೆನ್ನಾಗಿದ್ದಾಗಲೇ ಇರಬೇಕು. ಪೂರ್ತಿ ಸಾಯದೆ ನರಳೋ ಪೋರ್ಟ್‌ಗಳೂ ಇವೆ: ಲೈಟ್ ಇರುತ್ತೆ, ಆದ್ರೆ ಸಿಆರ್‌ಸಿ ಎರರ್ ಎಣಿಕೆ ಏರ್ತಾ ಇರುತ್ತೆ. ಆ ಎಣಿಕೆಯನ್ನು ಒಂದು ಸಲ ನೋಡಿದ್ರೆ ಸಾಲದು, ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ. ಏರಿದ್ರೆ ತೊಂದರೆ ಈಗಿನದು, ನಿಂತಿದ್ರೆ ಎಂದೋ ಆಗಿ ಮುಗಿದದ್ದು.

ಅಂಗಳದ ಕೇಬಲ್ ವಿಷಯಕ್ಕೆ ಬರ್ತೀವಿ ಅಂದಿದ್ವಿ. ಎರಡು ಕಟ್ಟಡದ ನಡುವೆ ಬಯಲಲ್ಲಿ ತಾಮ್ರದ ಕೇಬಲ್ ಎಳೆದದ್ದೇ ತಪ್ಪು, ಅದೂ ಆಗುಂಬೆ ಪಕ್ಕದ ಈ ಸೀಮೆಯಲ್ಲಿ. ಅಲ್ಲಿ ಫೈಬರ್ ಹಾಕ್ಬೇಕು, ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್. ಗಾಜಿನೊಳಗೆ ಕರೆಂಟ್ ಹರಿಯಲ್ಲ. ಆದ್ರೆ ಒಂದು ಮೋಸ ಇದೆ: ಊರಲ್ಲಿ ಇಂಟರ್ನೆಟ್‌ನವರು ಕಂಬದಿಂದ ಮನೆಗೆ ಎಳೆಯೋ ಫೈಬರ್‌ನಲ್ಲಿ ಎಷ್ಟೋ ಸಲ ಬಲಕ್ಕೆ ಅಂತ ಉಕ್ಕಿನ ತಂತಿ ಇರುತ್ತೆ. ಅದನ್ನೇ ತಂದು ಎಳೆದರೆ ಸಿಡಿಲಿಗೆ ಮತ್ತೆ ಲೋಹದ ದಾರಿ ಸಿಕ್ಕ ಹಾಗೆ. ಲೋಹ ಇಲ್ಲದ ಕೇಬಲ್ ಕೇಳಿ ತಗೊಳ್ಳಬೇಕು. ಬೇಡ ಅಂದ್ರೆ ನ್ಯಾಸನ್ನೂ ಸ್ವಿಚ್ಚನ್ನೂ ಒಂದೇ ಕೋಣೆಯಲ್ಲಿಡಬೇಕು. ಕಳ್ಳರ ಭಯ ಅಂತ ದೊಡ್ಡಪ್ಪ ಒಪ್ಪಲಿಲ್ಲ.

ಬ್ಯಾಕಪ್‌ಗೆ ಒಪ್ಪಿದ್ರು. ಖಾಲಿ ಮಾಡಿದ ಆ ಹಾರ್ಡ್ ಡಿಸ್ಕ್ ಈಗ ಕೊಪ್ಪದಲ್ಲೇ ಇದೆ, ಬೇರೆ ಒಬ್ಬ ನೆಂಟರ ಮನೆಯ ಕಬ್ಬಿಣದ ಬೀರುವಿನಲ್ಲಿ. ಮದುವೆ ವಿಡಿಯೋಗಳಿಗೆ ಇನ್ನೊಂದು ದೊಡ್ಡ ಡಿಸ್ಕ್ ಶಿವಮೊಗ್ಗದಿಂದ ತರಿಸಿದ್ದಾರಂತೆ. ನ್ಯಾಸ್‌ನ ಪೋರ್ಟ್ 1ರ ಮೇಲೆ ಕಪ್ಪು ಟೇಪ್ ಅಂಟಿಸಿದ್ದೇವೆ, ಸ್ವಿಚ್‌ನ 5ರ ಮೇಲೂ. ಮುಂದೆ ಯಾರಾದ್ರೂ ಬಂದು ಅಲ್ಲೇ ಕೇಬಲ್ ಹಾಕಿ ಡಬ್ಬಿ ಸುಟ್ಟಿದೆ ಅನ್ನಬಾರದು.

ಫೈಬರ್ ಇನ್ನೂ ಬಂದಿಲ್ಲ, ಅಡಿಕೆ ದುಡ್ಡು ಬಂದ ಮೇಲೆ ಅಂತ ಲೆಕ್ಕ. ಅಲ್ಲಿಯವರೆಗೆ ದೂರದಲ್ಲಿ ಗುಡುಗು ಕೇಳಿದ ಕೂಡಲೇ ದೊಡ್ಡಮ್ಮ ಮಹಡಿ ಹತ್ತಿ ಕೇಬಲ್ ಕಿತ್ತಿಡ್ತಾರೆ. ಹೊರಡೋ ದಿನ ಅವರಿಗೆ ಪೋರ್ಟ್ 2 ಯಾವುದು, ಚಿಲಕ ಎಲ್ಲಿ ಒತ್ತಬೇಕು ಅಂತ ತೋರಿಸಿ ಬಂದೆವು.